ಮರುಭೂಮಿ ಪ್ರವಾಸ: ಫೋಟೊದಲ್ಲಿ ಕಾಣದ ಸಂಗತಿಗಳು

ಮಾನ್ಯ ಸಂಪಾದಕರೇ,

ಅಮೆರಿಕದ ನೈಋತ್ಯ ಭಾಗದ ರಾಷ್ಟ್ರೀಯ ಉದ್ಯಾನಗಳನ್ನು ಕಾರಿನಲ್ಲಿ ಸುತ್ತುವ ಕುರಿತು ನಿಮ್ಮ ಪುರವಣಿಯಲ್ಲಿ ಬಂದ ಪ್ರವಾಸ ಲೇಖನವನ್ನು ಓದಿದೆ. ಬ್ರೈಸ್ ಕ್ಯಾನ್ಯನ್‌ನ ಕಲ್ಲುಕಂಬಗಳ, ಆರ್ಚಸ್‌ನ ಕೆಂಪು ಕಮಾನುಗಳ ವರ್ಣನೆ ಸೊಗಸಾಗಿದೆ. ಆದರೆ ಆ ನೆಲದ ಅಪಾಯವನ್ನಾಗಲಿ ನಾಜೂಕನ್ನಾಗಲಿ ಲೇಖನ ಪ್ರಸ್ತಾಪಿಸಿಯೇ ಇಲ್ಲ. ಇಂಥ ಬರಹಗಳನ್ನು ನೆಚ್ಚಿಯೇ ಹಲವರು ಪ್ರವಾಸದ ದಿನಗಳನ್ನು ಹೊಂದಿಸಿಕೊಳ್ಳುವುದರಿಂದ ಇದನ್ನು ಬರೆಯಬೇಕಾಯಿತು.

ಗ್ರ್ಯಾಂಡ್ ಕ್ಯಾನ್ಯನ್‌ನ ದಕ್ಷಿಣ ಮತ್ತು ಉತ್ತರ ಅಂಚುಗಳನ್ನು ಒಂದೇ ದಿನ ನೋಡಬಹುದೆಂಬ ಸಲಹೆಯನ್ನೇ ತೆಗೆದುಕೊಳ್ಳೋಣ. ನೇರವಾಗಿ ಅಳೆದರೆ ನಡುವಿನ ಅಂತರ ಸುಮಾರು 16 ಕಿ.ಮೀ.; ಕಣಿವೆಯನ್ನು ಬಳಸಿ ಹೋಗುವ ರಸ್ತೆಯಲ್ಲಾದರೋ ಸುಮಾರು 340 ಕಿ.ಮೀ. ಎತ್ತರದಲ್ಲಿರುವ ಉತ್ತರ ಅಂಚಿಗೆ ಚಳಿಗಾಲದಲ್ಲಿ ಹಿಮದಿಂದಾಗಿ ದಾರಿಯೇ ಮುಚ್ಚಿರುತ್ತದೆ.

ಡೆತ್ ವ್ಯಾಲಿಗೆ ಜುಲೈನಲ್ಲಿ ಹೋಗಿ ಎಂದಿರುವುದಂತೂ ಸರಿಯಲ್ಲ. ವಿಶ್ವ ಹವಾಮಾನ ಸಂಸ್ಥೆ ಮಾನ್ಯ ಮಾಡಿರುವ ಅತ್ಯಧಿಕ ತಾಪಮಾನ, 56.7 ಡಿಗ್ರಿ ಸೆಲ್ಸಿಯಸ್, ದಾಖಲಾದದ್ದು ಅಲ್ಲಿಯೇ, 1913ರ ಜುಲೈನಲ್ಲಿ. ಬೇಸಿಗೆಯಲ್ಲಿ ಬೆಳಿಗ್ಗೆ ಹತ್ತರ ನಂತರ ತಗ್ಗು ಪ್ರದೇಶಗಳಲ್ಲಿ ಕಾಲ್ನಡಿಗೆ ಬೇಡವೆಂದು ಉದ್ಯಾನದವರೇ ಎಚ್ಚರಿಸುತ್ತಾರೆ. ಬಹುಭಾಗದಲ್ಲಿ ಮೊಬೈಲ್ ಸಂಪರ್ಕವೂ ಇಲ್ಲದ ಆ ಕಣಿವೆಯಲ್ಲಿ ಕಾರು ಕೆಟ್ಟರೆ ಅದನ್ನು ಬಿಟ್ಟು ನಡೆಯತೊಡಗುವುದಕ್ಕಿಂತ ಅದರ ಬಳಿಯೇ ಉಳಿಯುವುದು ಕ್ಷೇಮ.

ಮರುಭೂಮಿಯಲ್ಲಿ ಪ್ರವಾಹವೆಂದರೆ ವಿಚಿತ್ರವೆನಿಸಬಹುದು. 1997ರ ಆಗಸ್ಟ್‌ನಲ್ಲಿ ಅರಿಜೋನಾದ ಆಂಟಿಲೋಪ್ ಕ್ಯಾನ್ಯನ್ ಎಂಬ ಇಕ್ಕಟ್ಟಾದ ಕೊರಕಲಿನಲ್ಲಿ ದಿಢೀರನೆ ನುಗ್ಗಿದ ನೀರಿಗೆ 11 ಪ್ರವಾಸಿಗರು ಬಲಿಯಾದರು. ಆ ಮಳೆ ಸುರಿದದ್ದು ದೂರದ ಮೇಲ್ಭಾಗದಲ್ಲಿ. ತಲೆಯ ಮೇಲಿನ ಆಕಾಶ ತಿಳಿಯಾಗಿದ್ದರೆ ಸಾಲದು, ಸುತ್ತಲಿನ ಇಡೀ ಪ್ರದೇಶದ ಹವಾಮಾನ ವರದಿಯನ್ನು ಕೇಳಿಕೊಂಡೇ ಕೊರಕಲಿಗೆ ಇಳಿಯಬೇಕು.

ಲೇಖನದೊಂದಿಗಿನ ಒಂದು ಚಿತ್ರದಲ್ಲಿ ಪ್ರವಾಸಿಗರು ಕಾಲುದಾರಿ ಬಿಟ್ಟು ಕಪ್ಪಗೆ ಉಬ್ಬಿದ ಮಣ್ಣಿನ ಮೇಲೆ ನಿಂತಿದ್ದಾರೆ. ಅದು ಬರಿಯ ಮಣ್ಣಲ್ಲ. ಸಯನೋಬ್ಯಾಕ್ಟೀರಿಯಾ, ಕಲ್ಲುಹೂ, ಪಾಚಿಗಳು ಮರಳನ್ನು ಹೆಣೆದು ಕಟ್ಟಿದ ಜೀವಂತ ಪದರ. ಗಾಳಿಗೆ ಮರಳು ಹಾರದಂತೆ ಹಿಡಿದು, ಗಿಡಗಳಿಗೆ ನೈಟ್ರೋಜನ್ ಒದಗಿಸುವ ಈ ಪದರ ಒಮ್ಮೆ ತುಳಿತಕ್ಕೆ ಸಿಕ್ಕರೆ ಚೇತರಿಸಿಕೊಳ್ಳಲು ದಶಕಗಳೇ ಬೇಕಾಗಬಹುದು. ಆ ಚಿತ್ರವನ್ನು ಅಚ್ಚುಹಾಕದಿದ್ದರೆ ಚೆನ್ನಾಗಿತ್ತು.

ಮುಂದೆ ಇಂಥ ಲೇಖನಗಳ ಪಕ್ಕದಲ್ಲಿ ಸೂಕ್ತ ಋತು, ರಸ್ತೆಯ ನಿಜವಾದ ದೂರ, ಒಬ್ಬರಿಗೆ ದಿನಕ್ಕೆ ಕನಿಷ್ಠ ನಾಲ್ಕು ಲೀಟರ್ ನೀರು ಬೇಕೆಂಬ ಸೂಚನೆ ಹಾಗೂ ಉದ್ಯಾನದ ನಿಯಮಗಳನ್ನು ಒಂದು ಚೌಕಟ್ಟಿನಲ್ಲಿ ಪ್ರಕಟಿಸಬೇಕೆಂದು ಕೋರುತ್ತೇನೆ.

ಇತಿ,
ಪುರವಣಿಯ ಓದುಗ