ಎಲ್‌ಇಡಿ ಗಡಿಯಾರ ಜೋಡಿಸುತ್ತಿರುವವರ ಗಮನಕ್ಕೆ

ಸದಸ್ಯರೇ, ಪುಟ್ಟ ಕಂಪ್ಯೂಟರ್ ಬೋರ್ಡಾದ ರಾಸ್ಪ್‌ಬೆರಿ ಪೈ 4 ಮತ್ತು ಅದಕ್ಕೂ ಹಿಂದಿನ ಬೋರ್ಡ್‌ಗಳಲ್ಲಿ ವಿದ್ಯುತ್ ಹೋದಾಗಲೂ ಸಮಯವನ್ನು ಉಳಿಸಿಕೊಳ್ಳುವ ವ್ಯವಸ್ಥೆ ಇಲ್ಲದಿರುವುದರಿಂದ, ಇಂಟರ್‌ನೆಟ್ ಇಲ್ಲದ ಕಡೆ ಮತ್ತೆ ಆನ್ ಮಾಡಿದಾಗ ಗಡಿಯಾರ ತಪ್ಪು ವೇಳೆಯನ್ನೇ ತೋರಿಸುತ್ತದೆ. ಆದ್ದರಿಂದ ಬ್ಯಾಟರಿ ಸಹಿತವಾದ ಡಿಎಸ್3231 ಮಾಡ್ಯೂಲನ್ನು (ಸಮಯ ಎಣಿಸುತ್ತಲೇ ಇರುವ ಪುಟ್ಟ ಗಡಿಯಾರ ಘಟಕ) ಮೊದಲೇ ಸೇರಿಸಿಕೊಳ್ಳಬೇಕೆಂಬುದು ನನ್ನ ದೃಢ ಅಭಿಪ್ರಾಯ. ಅದರ ವಿಸಿಸಿ (ವಿದ್ಯುತ್ ಪೂರೈಕೆಯ) ತಂತಿಯನ್ನು ಬೋರ್ಡಿನಲ್ಲಿ 3.3 ವೋಲ್ಟ್ ಕೊಡುವ 1ನೇ ಪಿನ್ನಿಗೇ ಜೋಡಿಸಿ. ಪಕ್ಕದ 2ನೇ ಪಿನ್ನಿನಲ್ಲಿರುವ 5 ವೋಲ್ಟ್, ಮಾಡ್ಯೂಲಿನ ಪುಲ್‌ಅಪ್ ರೆಸಿಸ್ಟರ್‌ಗಳ (ಸಿಗ್ನಲ್ ತಂತಿಗಳನ್ನು ವಿಸಿಸಿಗೆ ಜೋಡಿಸುವ ರೋಧಕಗಳು) ಮೂಲಕ, ಆ ತಂತಿಗಳು ಸೇರುವ 3 ಮತ್ತು 5ನೇ ಪಿನ್ನುಗಳನ್ನು ತಲುಪಿದರೆ ಬೋರ್ಡೇ ಕೆಟ್ಟುಹೋಗಬಹುದು. ಮ್ಯಾಕ್ಸ್7219 ಚಿಪ್ ಇರುವ ಎಲ್‌ಇಡಿ ಡಿಸ್‌ಪ್ಲೇಗೆ ಮಾತ್ರ 5 ವೋಲ್ಟ್ ಕೊಡಬೇಕು. ಅದರ ಡೇಟಾ, ಕ್ಲಾಕ್, ಸಿಎಸ್ (ಚಿಪ್ ಆಯ್ಕೆಯ) ತಂತಿಗಳು ಕ್ರಮವಾಗಿ 19, 23, 24ನೇ ಪಿನ್ನುಗಳಿಗೆ ಹೋಗುತ್ತವೆ. ಎಸ್‌ಪಿಐ (ಡಿಸ್‌ಪ್ಲೇ ಬಳಸುವ ಸಂಪರ್ಕ ವಿಧಾನ) ಹಾಗೂ ಐ2ಸಿ (ಡಿಎಸ್3231 ಬಳಸುವ ಸಂಪರ್ಕ ವಿಧಾನ) ಎರಡನ್ನೂ ಸೆಟ್ಟಿಂಗ್ಸ್‌ನಲ್ಲಿ ಆನ್ ಮಾಡಿಕೊಳ್ಳಿ. ತಂತಿ ಜೋಡಿಸುವಾಗ ದಯವಿಟ್ಟು ವಿದ್ಯುತ್ ಸಂಪರ್ಕ ತೆಗೆದಿಡಿ.