ಅದರೊಳಗೆ ಇರುವುದು ನೀನೇನಾ?

ಚಿ. ನಂದಿನಿಗೆ ದೊಡ್ಡಪ್ಪನ ಆಶೀರ್ವಾದಗಳು.

ಕಾಗದವೂ ತಿಮಿಂಗಿಲಗಳ ಬಗ್ಗೆ ನೀನು ಬರೆದದ್ದೂ ತಲುಪಿದವು. ಉಳಿದ ಸುದ್ದಿಯೆಲ್ಲ ನಿಮ್ಮಪ್ಪ ಹೇಳಿದ್ದಾನೆ, ಅದು ಹಾಗಿರಲಿ. ಕಾಗದದ ಕೊನೆಯಲ್ಲಿ ಒಂದು ಸಾಲು ಬರೆದಿದ್ದೀಯಲ್ಲ, 'ನಾನು ಬರೆದ ತಿಮಿಂಗಿಲದೊಳಗೆ ಇರೋದು ಬರೀ ನಾನೇ ಅಂತ ಹೆದರಿಕೆಯಾಗುತ್ತೆ' ಅಂತ. ಎರಡು ರಾತ್ರಿ ನಿದ್ದೆ ಬರಲಿಲ್ಲ ಮಗು.

ಯಾಕೆಂದರೆ ಪ್ರಾಣಿಯೊಳಗೆ ನನ್ನನ್ನೇ ತುಂಬುವ ಆ ಕೆಲಸ ನಾನೂ ಮಾಡಿದವನೇ. ಹರೆಯದಲ್ಲಿ ಒಂದು ಪತ್ರಿಕೆಗೆ ಬೆಲೂಗಾ ಅನ್ನುವ ಬಿಳಿ ತಿಮಿಂಗಿಲದ ಬಗ್ಗೆ ಬರೆದಿದ್ದೆ. ಗಾಜಿನ ತೊಟ್ಟಿಯಲ್ಲಿದ್ದ ಒಂದರ ಫೋಟೋ ಕೊಟ್ಟರು. ಕೆಳಗೆ 'ನಗುಮೊಗದ ಬಿಳಿ ಚೆಲುವೆ' ಅಂತ ಗೀಚಿದೆ. ಅದು ಗಂಡೋ ಹೆಣ್ಣೋ ಅಂತಲೂ ಕೇಳಲಿಲ್ಲ. ಬೆಲೂಗಾದ ಬಾಯಿಯ ಗೆರೆ ಹುಟ್ಟಿನಿಂದಲೇ ಮೇಲಕ್ಕೆ ಬಾಗಿರುತ್ತದೆ. ಹಸಿದಿದ್ದರೂ ನಕ್ಕ ಹಾಗೇ ಕಾಣುತ್ತದೆ. ಇದು ಗೊತ್ತಾಗುವಷ್ಟರಲ್ಲಿ ಸಂಚಿಕೆ ಅಚ್ಚಾಗಿತ್ತು. ಆಮೇಲೂ ನಾನು ತಿದ್ದುಪಡಿ ಕಳಿಸಲಿಲ್ಲ. ಅದು ಇವತ್ತಿಗೂ ಚುಚ್ಚುತ್ತದೆ.

ನಮಗಿಂತ ಮುಂಚಿನವರೂ ಏನು ಕಡಿಮೆಯಿರಲಿಲ್ಲ. ನಾರ್ವಾಲ್ ಅನ್ನುವ ತಿಮಿಂಗಿಲದ ಹೆಸರಿನಲ್ಲಿ, ಉತ್ತರ ಯುರೋಪಿನ ಹಳೆಯ ನಾರ್ಸ್ ಭಾಷೆಯ 'ಹೆಣ' ಅನ್ನುವ ಪದ ಕೂತಿದೆ ಅಂತಾರೆ. ಅದರ ಮಚ್ಚೆಮಚ್ಚೆಯ ಬೂದು ಮೈ ನೋಡಿ ಮುಳುಗಿ ಸತ್ತ ನಾವಿಕ ನೆನಪಾದನಂತೆ! ಯುರೋಪಿನ ವ್ಯಾಪಾರಿಗಳು ಅದೇ ಪ್ರಾಣಿಯ ತಿರುಚಿದ ಹಲ್ಲನ್ನು ಒಂಟಿಕೊಂಬಿನ ಕುದುರೆಯ ಕೊಂಬು ಅಂತ ಮಾರಿದರು. ಬೋಹೆಡ್ ಅನ್ನುವ ಇನ್ನೊಂದು ತಿಮಿಂಗಿಲ ಮೆಲ್ಲಗೆ ಈಜುತ್ತದೆ, ಸತ್ತರೆ ತೇಲುತ್ತದೆ. ಬೇಟೆಗಾರರು ಅದನ್ನು 'ರೈಟ್ ವೇಲ್', ಅಂದರೆ ಬೇಟೆಗೆ 'ಸರಿಯಾದ ತಿಮಿಂಗಿಲ' ಅಂದುಬಿಟ್ಟರು. ಆ ಹೆಸರಲ್ಲಿ ತಿಮಿಂಗಿಲ ಎಲ್ಲಿದೆ ಹೇಳು, ಬೇಟೆಗಾರ ಮಾತ್ರ ಇದ್ದಾನೆ. ನಿನ್ನ ಹೆದರಿಕೆ ಸುಮ್ನೆ ಹುಟ್ಟಿದ್ದಲ್ಲ.

ಆದರೆ ಸ್ಕೋರ್ಸ್‌ಬಿ ಅಂತ ಒಬ್ಬ ಇದ್ದ. ತಿಮಿಂಗಿಲ ಬೇಟೆಯ ಹಡಗಿನ ಕಪ್ತಾನ. 1820ರಲ್ಲಿ ಆರ್ಕ್ಟಿಕ್ ಬಗ್ಗೆ ಬರೆದ. ಮರಿಗೆ ಈಟಿ ಹೊಡೆದರೆ ತಾಯಿ ಬಿಟ್ಟು ಹೋಗುವುದಿಲ್ಲ, ಆಗ ತಾಯಿಯೂ ಸಿಗುತ್ತದೆ ಅಂತ. ಮರಿಯ ಮೇಲೆ ಅಷ್ಟು ಮಮತೆ ಇರುವ ತಾಯಿಯನ್ನು ಕೊಲ್ಲುವುದು ಸಂಕಟ ಅಂತಲೂ ಬರೆದ. ಮರುಮಾತಿಗೇ, ಕನಿಕರಕ್ಕಾಗಿ ಲಾಭ ಬಿಡಲಾಗದು ಅಂದ. ಓದಿದರೆ ಮೈ ಜುಮ್ಮೆನ್ನುತ್ತದೆ. ಮಮತೆ ಅನ್ನುವುದು ಅವನ ಮಾತೇ. ಬಿಟ್ಟು ಹೋಗದೆ ನಿಂತದ್ದು ಮಾತ್ರ ಅವಳು. ನೋಡು, ನಾನೂ 'ಅವಳು' ಅಂದುಬಿಟ್ಟೆ.

'ಅದು' ಬರೆಯಲೋ 'ಅವಳು' ಬರೆಯಲೋ ಅಂತ ಕೇಳಿದ್ದೀಯ. ನನಗಂತೂ 'ಅದು' ಸಾಕು. ಹಸುವನ್ನೂ ಹಾಗೇ ಅಂತೀವಿ, ಅದರಲ್ಲಿ ಪ್ರೀತಿ ಕಡಿಮೆಯಾಗಿಲ್ಲ ಅಲ್ವಾ? ನಿನ್ನ ಕಿವಿಗೆ ಬೇರೆ ಕೇಳಿಸಿದರೆ ಹಾಗೇ ಬರಿ.

2007ರಲ್ಲಿ ಅಲಾಸ್ಕಾದ ಬೇಟೆಗಾರರಿಗೆ ಸಿಕ್ಕ ಬೋಹೆಡ್ ಒಂದರ ಮೈಯಲ್ಲಿ ನೂರು ವರ್ಷಕ್ಕೂ ಹಳೆಯ ಈಟಿಯ ತುಂಡು ಇತ್ತು. ಇಷ್ಟೇ ಬರೆದರೂ ಸಾಕು ಅನ್ನಿಸುತ್ತದೆ. ಇಂಥ ಕಡೆ ನಿನಗೆ ವಿಶೇಷಣ ಜಾಸ್ತಿ ಬರುತ್ತೆ. ಹೇಳಲು ನಾನ್ಯಾರು, ಬಿಡು.

ಮತ್ತೆ ಅದೇ ಹೆದರಿಕೆಗೆ ಬರುತ್ತೇನೆ. ಬೋಹೆಡ್ ಹಾಡನ್ನು 'ವಿರಹಗೀತೆ' ಅಂದಿದ್ದೀಯ. ಆರ್ಕ್ಟಿಕ್‌ನ ಸ್ಪಿಟ್ಸ್‌ಬರ್ಗೆನ್ ದ್ವೀಪದ ಹತ್ತಿರ ಮೂರು ವರ್ಷದಲ್ಲಿ 184 ಬಗೆಯ ಹಾಡು ದಾಖಲಾದವು. ಮಂಜುಗಡ್ಡೆಯ ಅಡಿ, ಚಳಿಗಾಲದ ಕತ್ತಲಲ್ಲಿ. 'ಹಾಡು' ಇರಲಿ, ವಿಜ್ಞಾನಿಗಳೂ ಹಾಗೇ ಅಂತಾರೆ. 'ವಿರಹ' ಮಾತ್ರ ನಿನ್ನದೇನೋ. ಅಥವಾ ನನ್ನದಿರಬಹುದು, ಈ ವಯಸ್ಸಿನಲ್ಲಿ ಆ ಪದ ಬೇಗ ತಟ್ಟುತ್ತದೆ.

ತಿದ್ದಿದ ಪ್ರತಿ ಕಳಿಸು. ಅಕ್ಷರ ಸ್ವಲ್ಪ ದೊಡ್ಡದಿರಲಿ, ಕನ್ನಡಕದ ನಂಬರ್ ಮತ್ತೆ ಏರಿದೆ.

ನಿನ್ನ ದೊಡ್ಡಪ್ಪ