ಮ್ಯಾಗ್ನೆಟ್ ಡ್ರಿಲ್ ತಗೊಳ್ಳೋವಾಗ ಮೋಟರ್ ವ್ಯಾಟ್ ಆಮೇಲೆ ನೋಡಿ, ಮ್ಯಾಗ್ನೆಟ್ ಹಿಡಿಯುತ್ತಾ ಮೊದ್ಲು ಕೇಳಿ

ಸಂಪಾದಕರಿಗೆ ನಮಸ್ಕಾರ,

ಬೆಂಗಳೂರಲ್ಲಿ ಈಗ ಯಾವ ಏರಿಯಾಗೆ ಹೋದ್ರೂ ಟೆರೇಸ್ ಮೇಲೊಂದು ಕಬ್ಬಿಣದ ಶೆಡ್ಡು, ಅಂಗಡಿ ಮೇಲೆ ಐ ಬೀಮ್ ಹಾಕಿ ಎತ್ತಿರೋ ಇನ್ನೊಂದು ಫ್ಲೋರು, ಅಪಾರ್ಟ್‌ಮೆಂಟ್ ಹಿಂದೆ ಸ್ಟೀಲ್ ಮೆಟ್ಟಿಲು. ಇದನ್ನೆಲ್ಲ ಹಿಡ್ಕೊಂಡಿರೋದು ಬೋಲ್ಟು, ಆ ಬೋಲ್ಟಿನ ತೂತು ಹೆಂಗೆ ಹೊಡೆದ್ರಿ ಅಂತ ಕೇಳೋ ಓನರ್ ನನಗಂತೂ ಸಿಕ್ಕಿಲ್ಲ. ಪೇಂಟ್ ಯಾವ ಕಂಪನಿದು ಅಂತ ಮಾತ್ರ ಎಲ್ರೂ ಕೇಳ್ತಾರೆ.

ಸುಮಾರು ಕಡೆ ಅದು ಗ್ಯಾಸ್ ಕಟಿಂಗ್ ತೂತು. ಟಾರ್ಚ್ ಹಿಡಿದು ಸುಟ್ಟು, ಗುಂಡಗಿದೆ ಅನ್ನಿಸೋ ಥರ ಒಂದು ಕಂಡಿ ಮಾಡಿ, ಮೇಲೊಂದು ದೊಡ್ಡ ವಾಷರ್ ಹಾಕಿ ಮುಚ್ಚಿಬಿಟ್ರೆ ಯಾರಿಗೂ ಕಾಣಲ್ಲ. ಸ್ಟೀಲ್ ಕಟ್ಟಡಗಳಿಗೆ ಅಂತ ಇರೋ ನಮ್ಮ ಐಎಸ್ 800 ಸ್ಟ್ಯಾಂಡರ್ಡು ಬೋಲ್ಟ್ ಹೋಲ್‌ನ ಗ್ಯಾಸಲ್ಲಿ ಮಾಡಬಾರ್ದು ಅಂತ್ಲೇ ಹೇಳುತ್ತೆ. 20 ಎಂಎಂ ಬೋಲ್ಟಿಗೆ 22 ಎಂಎಂ ತೂತು, ಸಡಿಲ ಅಂದ್ರೆ ಆ 2 ಎಂಎಂ ಮಾತ್ರ. ಟಾರ್ಚ್ ಹಿಡಿದ ಕೈಯಲ್ಲಿ 2 ಎಂಎಂ ಲೆಕ್ಕ ಎಲ್ಲಿ ನಿಲ್ಲುತ್ತೆ ಹೇಳಿ.

ಬೀಮನ್ನ ಶಾಪಲ್ಲಿ ನೆಲಕ್ಕೆ ಕೂರಿಸಿರೋ ದೊಡ್ಡ ರೇಡಿಯಲ್ ಡ್ರಿಲ್ ಹತ್ರ ಹೊತ್ಕೊಂಡು ಹೋಗೋಕಾಗಲ್ಲ ಅನ್ನೋ ಕಡೆಗೇ ಮ್ಯಾಗ್ನೆಟ್ ಡ್ರಿಲ್ ಇರೋದು. ಬುಡದಲ್ಲಿ ಎಲೆಕ್ಟ್ರೋಮ್ಯಾಗ್ನೆಟ್ ಇರುತ್ತೆ, ಸ್ವಿಚ್ ಹಾಕಿದ್ರೆ ಬೀಮಿಗೇ ಕಚ್ಕೊಳ್ಳುತ್ತೆ. ಅದಕ್ಕೆ ಹಾಕೋ ಕಟರ್ ಒಳಗೆ ಟೊಳ್ಳು, ಸೀಬೆಹಣ್ಣಿನ ಬೀಜ ತೆಗೆದಂಗೆ ಸುತ್ತ ಉಂಗುರದಷ್ಟು ಮಾತ್ರ ಕೊರೆದು ನಡುವಿನ ತುಂಡನ್ನ ಇಡಿಯಾಗಿ ಹೊರಗೆ ಹಾಕುತ್ತೆ, ಹಾಗಾಗಿ ಒಬ್ಬ ಎತ್ತಬಹುದಾದ ಹನ್ನೆರಡು ಹದಿಮೂರು ಕೆಜಿ ಮಷೀನು ಕೂಡ 22 ಎಂಎಂ ತೂತನ್ನ ಆರಾಮಾಗಿ ಹೊಡೆಯುತ್ತೆ. ಈಚೆಗೆ ರೇಟ್ ಇಳಿದಿರೋದ್ರಿಂದ ಕಾಮಾಕ್ಷಿಪಾಳ್ಯ, ಸುಂಕದಕಟ್ಟೆ, ಲಗ್ಗೆರೆ ಕಡೆ ಸಣ್ಣ ಫ್ಯಾಬ್ರಿಕೇಶನ್ ಶಾಪ್‌ನೋರೂ ತಗೋತಿದಾರೆ, ಸಂತೋಷ. ಆದ್ರೆ ತಗೊಳ್ಳೋ ರೀತಿ ನೋಡಿದ್ರೆ ಭಯ ಆಗುತ್ತೆ, ಅದಕ್ಕೇ ಈ ಪತ್ರ.

ಎಸ್‌ಜೆಪಿ ರೋಡಿನ ಟೂಲ್ಸ್ ಅಂಗಡೀಲಾಗ್ಲಿ ಮೊಬೈಲಲ್ಲಾಗ್ಲಿ ಎಲ್ರೂ ಕೇಳೋದು ಎರಡೇ, ಎಷ್ಟು ವ್ಯಾಟು, ಎಷ್ಟು ಎಂಎಂ ತನಕ ಹೊಡೆಯುತ್ತೆ. ಮ್ಯಾಗ್ನೆಟ್ ಬಗ್ಗೆ ಕೇಳಿದ್ರೆ ಬಾಕ್ಸ್ ಮೇಲೆ ಬರೆದಿದೆಯಲ್ಲ ಸಾರ್, ಸಾವಿರದ ಮೇಲೆ ಕೆಜಿ ಹಿಡಿಯುತ್ತೆ ಅಂತಾರೆ. ಆ ಅಂಕಿ ದಪ್ಪ, ಕ್ಲೀನ್ ಪ್ಲೇಟ್ ಮೇಲೆ ಅಳೆದಿದ್ದು ಸ್ವಾಮಿ. ನಾವು ಕೆಲಸ ಮಾಡೋದು 6 ಎಂಎಂ 8 ಎಂಎಂ ಫ್ಲೇಂಜ್ (ಬೀಮಿನ ಮೇಲೆ ಕೆಳಗೆ ಇರೋ ಅಗಲ ಪಟ್ಟಿ) ಮೇಲೆ, ಅದಕ್ಕೂ ರೆಡ್ ಆಕ್ಸೈಡ್ ಬಳಿದಿರುತ್ತೆ, ಪಕ್ಕದಲ್ಲಿ ವೆಲ್ಡಿಂಗಲ್ಲಿ ಸಿಡಿದ ಲೋಹದ ಹನಿ ಅಂಟಿರುತ್ತೆ. ಪ್ಲೇಟ್ ತೆಳ್ಳಗಾದಂಗೆ ಹಿಡಿತ ಬಿದ್ದೋಗುತ್ತೆ, ಸಾಮಾನ್ಯವಾಗಿ 10-12 ಎಂಎಂ ಆದ್ರೂ ಇದ್ರೆ ನಂಬಬಹುದು. ತೆಳ್ಳಗಿದ್ರೆ ಕೆಳಗಡೆ ಇನ್ನೊಂದು ದಪ್ಪ ಪ್ಲೇಟ್ ಸಿ-ಕ್ಲ್ಯಾಂಪ್ ಹಾಕಿ ಬಿಗೀಬೇಕು. ಪೇಂಟು, ತುಕ್ಕು, ಮ್ಯಾಗ್ನೆಟ್ ಅಡಿ ಸಿಕ್ಕೊಂಡಿರೋ ಒಂದು ಚೂರು ಚಿಪ್ಸು (ಕೊರೆದಾಗ ಬರೋ ಲೋಹದ ಸಿಪ್ಪೆ), ಇಷ್ಟು ಸಾಕು ಅದು ಅರ್ಧಂಬರ್ಧ ಕೂರೋಕೆ. 304 ಸ್ಟೇನ್‌ಲೆಸ್ ಮೇಲೆ, ಅಲ್ಯುಮಿನಿಯಂ ಮೇಲೆ ಅಂತೂ ಅಂಟೋದೇ ಇಲ್ಲ, ಇದನ್ನ ಗೇಟು ರೇಲಿಂಗ್ ಮಾಡೋರು ದುಡ್ಡು ಕೊಟ್ಟಾದ ಮೇಲೆ ಬಂದು ಕೇಳ್ತಾರೆ.

ಇನ್ನು ಕರೆಂಟು. ನಮ್ಮೂರಲ್ಲಿ ಮಳೆ ನಾಲ್ಕು ಹನಿ ಬಿದ್ರೆ ಕರೆಂಟ್ ಹೋಗೋದು ಹೊಸದೇನಲ್ಲ. ಕರೆಂಟ್ ಹೋದ ಕ್ಷಣ ಎಲೆಕ್ಟ್ರೋಮ್ಯಾಗ್ನೆಟ್ ಬಿಟ್ಟುಬಿಡುತ್ತೆ, ಅಷ್ಟೇ. ನೆಲದ ಮೇಲೆ ಮಲಗಿಸಿದ ಬೀಮ್ ಆದ್ರೆ ಮಷೀನ್ ವಾಲುತ್ತೆ, ಕಟರ್ ಮುರಿಯುತ್ತೆ, ದುಡ್ಡು ಹೋಯ್ತು ಅನ್ಕೋಬಹುದು. ಕಾಲಮ್‌ಗೆ ಅಡ್ಡಡ್ಡ ಕಚ್ಚಿಸಿದ್ರೆ, ಇಲ್ಲ ತಲೆ ಮೇಲೆ ಬೀಮಿನ ಕೆಳಗಿಂದ ಹೊಡೀತಿದ್ರೆ, ಆ ಹನ್ನೆರಡು ಕೆಜಿ ಯಾರ ಮೇಲೆ ಬೀಳುತ್ತೆ? ಅದಕ್ಕೇ ಸೇಫ್ಟಿ ಚೈನ್ ಕೊಡೋದು, ಬೀಮಿಗೆ ಸುತ್ತಿ ಜೋಲು ಬಿಡದೆ ಬಿಗಿಯೋಕೆ. ಎಷ್ಟೋ ಸೈಟಲ್ಲಿ ಆ ಚೈನು ಬಾಕ್ಸಿಂದ ಹೊರಗೇ ಬಂದಿರಲ್ಲ, ಕೆಲವು ಕಡೆ ಅದ್ರಲ್ಲಿ ಬೈಕ್ ಕಟ್ಟಿರ್ತಾರೆ. ಪರ್ಮನೆಂಟ್ ಮ್ಯಾಗ್ನೆಟ್ ಮಾಡೆಲ್ಲೂ ಬರುತ್ತೆ, ಕರೆಂಟ್ ಹೋದ್ರೂ ಬಿಡಲ್ಲ, ರೇಟ್ ಜಾಸ್ತಿ, ಆದ್ರೂ ಎತ್ತರದ ಕೆಲಸವೇ ಹೆಚ್ಚು ಇರೋರು ಅದನ್ನ ನೋಡೋದು ಒಳ್ಳೇದು.

ಕರೆಂಟ್ ಪೂರ್ತಿ ಹೋಗ್ಬೇಕು ಅಂತಾನೂ ಇಲ್ಲ. ಮೂರನೇ ಫ್ಲೋರಿಗೆ ಸಣ್ಣ ವೈರಿನ ಉದ್ದ ಎಕ್ಸ್‌ಟೆನ್ಷನ್ ಎಳೆದು, ಅದ್ರಲ್ಲೇ ಗ್ರೈಂಡರೂ ಓಡ್ಸಿದ್ರೆ ವೋಲ್ಟೇಜ್ ಕುಸಿದು ಹಿಡಿತ ಸಡಿಲ ಆಗುತ್ತೆ. ಅದೇ ಬೀಮಿಗೆ ವೆಲ್ಡಿಂಗ್ ಅರ್ಥ್ ಕಚ್ಚಿಸಿ ಆ ಕಡೆ ಒಬ್ಬ ವೆಲ್ಡಿಂಗ್, ಈ ಕಡೆ ಒಬ್ಬ ಡ್ರಿಲ್ಲಿಂಗ್, ಇದಂತೂ ದಿನಾ ನೋಡೋ ದೃಶ್ಯ. ವೆಲ್ಡಿಂಗ್ ಕರೆಂಟು ದಾರಿ ತಪ್ಪಿ ಡ್ರಿಲ್ಲಿನ ಅರ್ಥ್ ವೈರಲ್ಲಿ ವಾಪಸ್ ಹೋದ್ರೆ ಒಳಗಿನ ಸರ್ಕ್ಯೂಟ್ ಸುಟ್ಟೋಗುತ್ತೆ, ಆಮೇಲೆ ಮಷೀನ್ ಸರಿಯಿಲ್ಲ ಅಂತ ಅಂಗಡಿಯವನ ಜೊತೆ ಜಗಳ.

ಸ್ಪೀಡ್ ಬಗ್ಗೆ ಒಂದು ಮಾತು. ಒಂದೇ ಸ್ಪೀಡಿನ ಮಷೀನ್ ಅಗ್ಗ. ಮೈಲ್ಡ್ ಸ್ಟೀಲಿಗೆ ಎಚ್‌ಎಸ್‌ಎಸ್ (ಹೈ ಸ್ಪೀಡ್ ಸ್ಟೀಲ್) ಕಟರ್ ಹಾಕಿದ್ರೆ 22 ಎಂಎಂಗೆ ಸುಮಾರು 400 ಆರ್‌ಪಿಎಂ ಸಾಕು, 50 ಎಂಎಂಗೆ 200ರ ಒಳಗೇ ಇರ್ಬೇಕು, ಸಣ್ಣ ಕಟರಿಗೆ ಓಡೋ ಸ್ಪೀಡಲ್ಲಿ ದೊಡ್ಡದನ್ನ ಓಡ್ಸಿದ್ರೆ ಚಿಪ್ಸ್ ನೀಲಿ ತಿರುಗುತ್ತೆ, ಹಲ್ಲು ಹೋಗುತ್ತೆ. ಎರಡು ಸ್ಪೀಡಾದ್ರೂ ಇರೋದು ತಗೊಳ್ಳಿ. ಕಟರ್ ಶ್ಯಾಂಕ್, ಅಂದ್ರೆ ಮಷೀನಿಗೆ ಸಿಕ್ಕಿಸೋ ಹಿಡಿ, 19 ಎಂಎಂ ವೆಲ್ಡನ್ ಅನ್ನೋ ಮಾದರಿ ಆಗಿದ್ರೆ ಹೆಚ್ಚಿನ ಕಂಪನಿಗಳ ಕಟರ್ ಕೂರುತ್ತೆ, ಇಲ್ದಿದ್ರೆ ಮಷೀನ್ ಮಾರಿದೋನ ಹತ್ರಾನೇ ಅವನು ಹೇಳಿದ ರೇಟಿಗೆ ತಗೋತಾ ಇರ್ಬೇಕು. ಹೆಸರಿರೋ ಮಷೀನಿಗೆ ಮೂರು ಪಟ್ಟು ಕೊಡೋದು ದಂಡ ಅನ್ನೋರಿದಾರೆ, ಜರ್ಮನಿಯ ಫೈನ್ (Fein) ಅನ್ನೋ ಕಂಪನಿ 1895ರಲ್ಲೇ ಎಲೆಕ್ಟ್ರಿಕ್ ಕೈ ಡ್ರಿಲ್ ಮಾಡಿದ್ದು ಅಂತ ಅದನ್ನೇ ತಗೋಬೇಕು ಅಂತ ನಾನೂ ಹೇಳಲ್ಲ, ಆದ್ರೆ ಕಾರ್ಬನ್ ಬ್ರಷ್ಷು, ಸ್ವಿಚ್ಚು, ಆರ್ಮೇಚರ್ (ಮೋಟರ್ ಒಳಗೆ ಸುತ್ತೋ ಭಾಗ) ಬೆಂಗಳೂರಲ್ಲೇ ಸಿಗುತ್ತಾ ಅಂತ ಕೇಳದೆ ಯಾವುದನ್ನೂ ತಗೋಬೇಡಿ.

ಹುಡುಗರಿಗೆ ಕಲಿಸ್ಬೇಕಾದ್ದು ಇನ್ನೂ ಇದೆ. ಸುತ್ತೋ ಕಟರ್ ಹತ್ರ ಗ್ಲೌಸ್ ಹಾಕಿ ಚಿಪ್ಸ್ ಎಳೀಬಾರ್ದು, ಮಷೀನ್ ನಿಲ್ಲಿಸಿ ಕೊಕ್ಕೆಯಲ್ಲಿ ಎಳೀಬೇಕು. ಎರಡು ಪ್ಲೇಟ್ ಜೋಡಿಸಿ ಒಂದೇ ಸಲಕ್ಕೆ ಹೊಡೀತೀನಿ ಅಂದ್ರೆ ಮೇಲಿನ ಪ್ಲೇಟಿನ ತುಂಡು ಒಳಗೇ ಸಿಕ್ಕೊಂಡು ಸುತ್ತುತ್ತೆ, ಕಟರ್ ಮುಂದಕ್ಕೆ ಹೋಗಲ್ಲ. ತೂತು ಮುಗಿದಾಗ ಆ ಬಿಸಿ ತುಂಡು ಸ್ಪ್ರಿಂಗ್ ತಳ್ಳಿ ಟಪ್ ಅಂತ ಕೆಳಗೆ ಬೀಳುತ್ತಲ್ಲ, ರೋಡ್ ಪಕ್ಕದ ಕಟ್ಟಡದಲ್ಲಿ ಕೆಳಗೆ ಜನ ಓಡಾಡ್ತಿರ್ತಾರೆ. ಇದನ್ನೆಲ್ಲ ಹೇಳಿಕೊಡೋಕೆ ಒಂದಿಡೀ ಕೋರ್ಸ್ ಬೇಡ, ರಾಜಾಜಿನಗರದ ಸರ್ಕಾರಿ ತರಬೇತಿ ಕೇಂದ್ರ ಜಿಟಿಟಿಸಿಯಂಥ ಕಡೆ ಭಾನುವಾರ ಅರ್ಧ ದಿನ ಸೈಟ್ ಹುಡುಗರಿಗೆ ಅಂತ್ಲೇ ಇಟ್ರೆ ಹೋಗೋರು ಇದಾರೆ, ನಮ್ಮ ಶಾಪಿಂದ ನಾನೇ ಕಳಿಸ್ತೀನಿ.

ಕಟ್ಟಿಸೋರಿಗೂ ಒಂದು ಮಾತು ಇದೆ. ಕೊಟೇಶನ್ ತಗೊಳ್ಳೋವಾಗ ಎಲ್ಲಾ ಬೋಲ್ಟ್ ಹೋಲೂ ಡ್ರಿಲ್ಲೇ ಆಗಿರ್ಬೇಕು, ಗ್ಯಾಸ್ ಹೋಲ್ ಒಪ್ಪಲ್ಲ ಅಂತ ಒಂದು ಲೈನ್ ಬರೆಸಿ, ಅದಕ್ಕೆ ಫ್ಯಾಬ್ರಿಕೇಟರ್ ಸ್ವಲ್ಪ ಜಾಸ್ತಿ ಕೇಳಿದ್ರೆ ಚೌಕಾಸಿ ಮಾಡ್ಬೇಡಿ. ಮಷೀನ್ ಕೊಳ್ಳೋ ನಮ್ಮೋರಿಗೆ, ಡೆಮೊ ಕೊಡೋಕೆ ಬರೋನು 25 ಎಂಎಂ ಪ್ಲೇಟ್ ಜೊತೇಲೇ ತರ್ತಾನೆ, ಅದನ್ನ ಪಕ್ಕಕ್ಕಿಟ್ಟು ನಮ್ಮ ಬೀಮ್ ಮೇಲೇ ಹಾಕಿ ತೋರ್ಸಪ್ಪಾ ಅನ್ನಿ, ಕರೆಂಟ್ ಹೋದ್ರೆ ಏನಾಗುತ್ತೆ ಅಂತ ನೋಡೋಕೆ ಚೈನ್ ಕಟ್ಟಿ ಮಧ್ಯದಲ್ಲಿ ಪ್ಲಗ್ ಕೀಳಿ. ಒಪ್ಪದೇ ಹೋದ್ರೆ ಪಕ್ಕದ ಅಂಗಡಿಗೆ ಹೋಗಿ.

ಇತಿ,
ಒಬ್ಬ ಫ್ಯಾಬ್ರಿಕೇಟರ್, ಕಾಮಾಕ್ಷಿಪಾಳ್ಯ, ಬೆಂಗಳೂರು